ಎಎಸ್/400 ಮತ್ತು ಹೊರಗಿನ ಎಸ್‌ಕ್ಯೂಎಲ್ ಡೇಟಾಬೇಸ್‌ಗಳು: ಸಂಪರ್ಕ ಯಾವ ಕಡೆಯಿಂದ ಹೊರಡಬೇಕು?

(ಶಿವಮೊಗ್ಗದಲ್ಲಿ ಸಹಕಾರ ಸಂಘಗಳ ಲೆಕ್ಕಪತ್ರ ಹಾಗೂ ಕಂಪ್ಯೂಟರ್ ವಿಭಾಗದ ಸಿಬ್ಬಂದಿಗಾಗಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ.)

ನಿಮ್ಮ ಕಚೇರಿಯ ಎಎಸ್/400 ಎಂಬ ಐಬಿಎಂ ಕಂಪ್ಯೂಟರ್ ಯಂತ್ರವನ್ನು ಹೊರಗಿನ ಎಸ್‌ಕ್ಯೂಎಲ್ ಸರ್ವರ್‌ಗೋ ಒರಾಕಲ್‌ಗೋ ಪೋಸ್ಟ್‌ಗ್ರೆಸ್‌ಗೋ ಜೋಡಿಸಬೇಕು ಎಂದು ಯಾರಾದರೂ ಬಂದು ಹೇಳಿದರೆ, ಯಾವ ಡ್ರೈವರ್ (ಡೇಟಾಬೇಸಿಗೆ ಸಂಪರ್ಕ ಕಲ್ಪಿಸುವ ತಂತ್ರಾಂಶ) ಬೇಕು, ಎಷ್ಟು ಖರ್ಚಾಗುತ್ತದೆ ಎಂದು ವಿಚಾರಿಸುವ ಮೊದಲೇ ನೀವು ಕೇಳಬೇಕಾದ ಪ್ರಶ್ನೆಯೊಂದಿದೆ. ಈ ಎರಡು ಯಂತ್ರಗಳಲ್ಲಿ ಕೇಳುವುದು ಯಾವುದು, ಕೊಡುವುದು ಯಾವುದು? ಹೊರಗಿನ ಯಂತ್ರ ಬಂದು ನಿಮ್ಮ ಫೈಲುಗಳನ್ನು ಓದುವುದಕ್ಕೆ ದಶಕಗಳಿಂದ ಸವೆದ ದಾರಿಯಿದೆ. ಆರ್‌ಪಿಜಿ ಎಂಬ ಭಾಷೆಯಲ್ಲಿ ಬರೆದ ನಿಮ್ಮ ಪ್ರೋಗ್ರಾಂ ತಾನಾಗಿ ಹೊರಟು ಬೇರೊಂದು ಕಂಪನಿಯ ಡೇಟಾಬೇಸಿಗೆ ಬರೆಯುವುದಕ್ಕೂ ದಾರಿಗಳಿವೆ. ಆದರೆ ಅವೆಲ್ಲ ಬಳಸುದಾರಿಗಳು, ಒಂದೊಂದಕ್ಕೂ ಒಂದೊಂದು ತೊಡಕಿದೆ. ಈ ವ್ಯತ್ಯಾಸವನ್ನು ಗಮನಿಸದೆ ಆರಂಭಿಸಿದ ಕೆಲಸಗಳೇ ಅರ್ಧಕ್ಕೆ ನಿಲ್ಲುತ್ತವೆ ಎಂಬುದು ನನ್ನ ಅಭಿಪ್ರಾಯ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಉದಾಹರಣೆಯನ್ನು ಕಟ್ಟಿಕೊಳ್ಳೋಣ. ಇದು ಯಾವ ನಿಜವಾದ ಸಂಘದ ಕತೆಯೂ ಅಲ್ಲ. ಅಡಿಕೆ ಮಾರಾಟ ಮಾಡುವ ಒಂದು ಸಹಕಾರ ಸಂಘ. ಪ್ರಧಾನ ಕಚೇರಿ ಶಿವಮೊಗ್ಗದಲ್ಲಿ, ಶಾಖೆಗಳು ತೀರ್ಥಹಳ್ಳಿ, ಸಾಗರ, ಹೊಸನಗರಗಳಲ್ಲಿ. ಸದಸ್ಯರ ಖಾತೆ, ಮುಂಗಡ, ಆವಕದ ತೂಕ, ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ದರ್ಜೆವಾರು ಟೆಂಡರ್ ದರ ಎಲ್ಲವೂ ಎಎಸ್/400 ಮೇಲೆ ಇವೆ. ಈಗ ಆಡಳಿತ ಮಂಡಳಿಯವರು, ಬೆಳೆಗಾರರಿಗೆ ತಮ್ಮ ಲಾಟಿನ ದರ ಮೊಬೈಲಿನಲ್ಲಿ ಕಾಣಬೇಕು ಎಂದು ತೀರ್ಮಾನಿಸಿದ್ದಾರೆ. ಮೊಬೈಲಿನ ಕೆಲಸ ವಹಿಸಿಕೊಂಡ ತಂಡ ಪೋಸ್ಟ್‌ಗ್ರೆಸ್ ಬಳಸುತ್ತದೆ. ಲೆಕ್ಕಪರಿಶೋಧನೆಗೆ ಬಳಸುವ ಇನ್ನೊಂದು ತಂತ್ರಾಂಶ ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ಮೇಲಿದೆ. ಈ ಮೂರನ್ನೂ ಸೇರಿಸಬೇಕು.

ಮೊದಲು ನಿಮ್ಮ ಯಂತ್ರವನ್ನು ನೀವೇ ಸರಿಯಾಗಿ ಪರಿಚಯ ಮಾಡಿಕೊಳ್ಳಬೇಕು. ಐಬಿಎಂ ಕಂಪನಿ ಅಮೆರಿಕದ ಮಿನ್ನೆಸೋಟ ರಾಜ್ಯದ ರೋಚೆಸ್ಟರ್‌ನಲ್ಲಿ ರೂಪಿಸಿದ ಎಎಸ್/400 ಪ್ರಕಟವಾದದ್ದು 1988ರ ಜೂನ್ 21ರಂದು. ಅದರ ಹಿಂದಿನ ತಲೆಮಾರು ಸಿಸ್ಟಮ್/36 ಮತ್ತು 1978ರಲ್ಲಿ ಪ್ರಕಟವಾದ ಸಿಸ್ಟಮ್/38. ಆಮೇಲೆ 2000ದಲ್ಲಿ ಐಸೀರೀಸ್, 2006ರಲ್ಲಿ ಸಿಸ್ಟಮ್ ಐ, 2008ರಿಂದ ಪವರ್ ಸಿಸ್ಟಮ್ಸ್ ಯಂತ್ರಗಳ ಮೇಲೆ ಓಡುವ ಐಬಿಎಂ ಐ, ಹೀಗೆ ಹೆಸರು ಬದಲಾಗುತ್ತ ಬಂದರೂ ಕಚೇರಿಗಳಲ್ಲಿ ಎಎಸ್/400 ಎಂದರೇ ಎಲ್ಲರಿಗೂ ತಿಳಿಯುವುದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ಈ ಯಂತ್ರದ ವಿಶೇಷವೆಂದರೆ ಡೇಟಾಬೇಸ್ ಕಾರ್ಯಾಚರಣೆ ವ್ಯವಸ್ಥೆಯ ಒಳಗೇ ಇದೆ, ಪ್ರತ್ಯೇಕವಾಗಿ ತಂದು ಹಾಕಿದ್ದಲ್ಲ. ಅದಕ್ಕೊಂದು ಬೇರೆ ಹೆಸರು ಬೇಕೆಂದು ಯಾರಿಗೂ ಬಹುಕಾಲ ಅನ್ನಿಸಿರಲಿಲ್ಲ; ಡಿಬಿ2/400 ಎಂಬ ಹೆಸರು ಬಂದದ್ದು 1990ರ ದಶಕದ ಮಧ್ಯಭಾಗದಲ್ಲಿ.

ಆದ್ದರಿಂದಲೇ ಒಂದು ತಪ್ಪು ತಿಳಿವಳಿಕೆ ಉಳಿದುಕೊಂಡಿದೆ. ಆರ್‌ಪಿಜಿಯಲ್ಲಿ ಚೈನ್, ರೀಡ್ ಎಂಬ ಫೈಲು ಓದುವ ಆದೇಶಗಳನ್ನು ಬರೆಯುತ್ತ ಬಂದವರು ತಮ್ಮಲ್ಲಿರುವುದು ಫೈಲುಗಳು, ಡೇಟಾಬೇಸ್ ಅಲ್ಲ ಎಂದುಕೊಂಡಿರುತ್ತಾರೆ. ವಾಸ್ತವದಲ್ಲಿ ನಿಮ್ಮ ಫಿಸಿಕಲ್ ಫೈಲ್ ಎಂಬುದೇ ಎಸ್‌ಕ್ಯೂಎಲ್‌ನ ಟೇಬಲ್. ಲೈಬ್ರರಿ ಎಂಬುದೇ ಸ್ಕೀಮಾ. ರೆಕಾರ್ಡ್ ಎಂಬುದೇ ಸಾಲು. ಲಾಜಿಕಲ್ ಫೈಲ್ ಎಂಬುದು ವ್ಯೂ ಮತ್ತು ಇಂಡೆಕ್ಸ್ ಎರಡರ ಕೆಲಸವನ್ನೂ ಮಾಡುತ್ತದೆ. ಮೂವತ್ತು ವರ್ಷ ಹಿಂದೆ ಡಿಡಿಎಸ್ ಎಂಬ ಹಳೆಯ ವಿವರಣೆಯ ರೀತಿಯಲ್ಲಿ ರೂಪಿಸಿದ ಫೈಲನ್ನು ಇವತ್ತು ಸೆಲೆಕ್ಟ್ ಆದೇಶದಿಂದ ಓದುವುದಕ್ಕೆ ಅದನ್ನು ಬದಲಿಸಬೇಕಾದದ್ದು ಏನೂ ಇಲ್ಲ. ಹೊರಗಿನ ತಂಡದವರು "ನಿಮ್ಮದು ಹಳೆಯ ಯಂತ್ರ, ದಿನಕ್ಕೊಂದು ಟೆಕ್ಸ್ಟ್ ಫೈಲ್ ಕಳಿಸಿ ಸಾಕು" ಎಂದರೆ ನೀವು ಒಪ್ಪಿಕೊಳ್ಳಬೇಕಾಗಿಲ್ಲ.

ಈಗ ಮೊದಲ ದಿಕ್ಕು, ಅಂದರೆ ಹೊರಗಿನವರು ಒಳಬರುವುದು. ವಿಂಡೋಸ್ ಅಥವಾ ಲಿನಕ್ಸ್ ಯಂತ್ರದಿಂದ ಬರುವವರಿಗೆ ಐಬಿಎಂನದೇ ಓಡಿಬಿಸಿ ಡ್ರೈವರ್ ಇದೆ. ಜಾವಾದಿಂದ ಬರುವವರಿಗೆ ಜೆಟಿಓಪನ್ ಎಂಬ, ಮೂಲ ಸಂಕೇತ ಮುಕ್ತವಾಗಿರುವ ಸಂಗ್ರಹದಲ್ಲಿ ಪೂರ್ತಿ ಜಾವಾದಲ್ಲೇ ಬರೆದ ಜೆಡಿಬಿಸಿ ಡ್ರೈವರ್ ಇದೆ. ಒಂದು ಜಾರ್ ಫೈಲ್ ಇಟ್ಟರೆ ಸಾಕು. ಇವು ನಿಮ್ಮ ಯಂತ್ರದ ಹೋಸ್ಟ್ ಸರ್ವರ್‌ಗಳ ಜೊತೆ ಮಾತಾಡುತ್ತವೆ. ಫೈರ್‌ವಾಲ್ ನೋಡಿಕೊಳ್ಳುವವರು ಕೇಳುವ ಪೋರ್ಟ್ ಸಂಖ್ಯೆಗಳನ್ನು ಬರೆದುಕೊಳ್ಳಿ: ಯಾವ ಸೇವೆ ಎಲ್ಲಿದೆ ಎಂದು ತಿಳಿಸುವುದಕ್ಕೆ 449, ಸೈನ್ ಆನ್‌ಗೆ 8476, ಕೇಂದ್ರ ಸೇವೆಗೆ 8470, ಡೇಟಾಬೇಸಿಗೆ 8471. ಗೂಢಲಿಪಿಯಲ್ಲಿ ಹೋಗಬೇಕಾದರೆ ಕೊನೆಯ ಮೂರಕ್ಕೆ ಅನುಕ್ರಮವಾಗಿ 9476, 9470, 9471. ಕಚೇರಿಯ ಗೋಡೆಯ ಹೊರಗೆ ಹೋಗುವ ಯಾವ ಸಂಪರ್ಕಕ್ಕೂ ಎರಡನೆಯ ಗುಂಪನ್ನೇ ಬಳಸಬೇಕು. ಇದರಲ್ಲಿ ಚೌಕಾಶಿ ಇಲ್ಲ.

ಹೊರಗಿನ ಸಂಪರ್ಕ ಒಳಗೆ ಬಂದಮೇಲೆ ಅದರ ಕೆಲಸ ನಡೆಯುವುದು ಕ್ಯೂಝಡ್‌ಡಿಎಎಸ್‌ಒಇನಿಟ್ ಎಂಬ ಹೆಸರಿನ, ಗೂಢಲಿಪಿಯಲ್ಲಿ ಬಂದದ್ದಾದರೆ ಕ್ಯೂಝಡ್‌ಡಿಎಎಸ್‌ಎಸ್‌ಇನಿಟ್ ಎಂಬ ಹೆಸರಿನ ಜಾಬ್‌ಗಳಲ್ಲಿ, ಅಂದರೆ ಯಂತ್ರ ಓಡಿಸುವ ಕೆಲಸದ ಘಟಕಗಳಲ್ಲಿ. ಇಂಥವು ಹತ್ತಾರು ಒಂದೇ ಹೆಸರಿನಲ್ಲಿ, ಕ್ಯೂಯೂಸರ್ ಎಂಬ ಬಳಕೆದಾರರ ಹೆಸರಿನಲ್ಲಿ ಕಾಣುತ್ತವೆ. ಯಂತ್ರ ನಿಧಾನವಾಯಿತು ಎಂದು ದೂರು ಬಂದಾಗ ಯಾವ ಜಾಬ್ ಯಾರದೆಂದು ತಿಳಿಯದೆ ಜನ ಕಂಗಾಲಾಗುವುದುಂಟು. ಜಾಬ್‌ನ ಹೆಸರಿನಲ್ಲಿರುವ ಬಳಕೆದಾರನನ್ನು ಬಿಟ್ಟು ಅದರ ಈಗಿನ ಬಳಕೆದಾರ ಯಾರು ಎಂಬುದನ್ನು ನೋಡಬೇಕು. ಹೊರಗಿನ ಪ್ರತಿಯೊಂದು ತಂತ್ರಾಂಶಕ್ಕೂ ಒಂದೊಂದು ಪ್ರತ್ಯೇಕ ಯೂಸರ್ ಪ್ರೊಫೈಲ್ ಕೊಟ್ಟಿದ್ದರೆ ಮಾತ್ರ ಈ ಹುಡುಕಾಟಕ್ಕೆ ಅರ್ಥವಿರುತ್ತದೆ.

ಲೆಕ್ಕಪರಿಶೋಧನೆಯ ತಂತ್ರಾಂಶ ಎಸ್‌ಕ್ಯೂಎಲ್ ಸರ್ವರ್ ಮೇಲಿದೆ ಎಂದೆನಲ್ಲ, ಅಲ್ಲಿ ಲಿಂಕ್ಡ್ ಸರ್ವರ್ ಎಂಬ ಸೌಲಭ್ಯವಿದೆ. ಎಎಸ್/400 ಅನ್ನು ಲಿಂಕ್ಡ್ ಸರ್ವರ್ ಆಗಿ ನಮೂದಿಸಿದರೆ ಅದರ ಟೇಬಲ್‌ಗಳನ್ನು ನಾಲ್ಕು ಭಾಗದ ಹೆಸರಿನಿಂದ, ಅಲ್ಲಿಯದೇ ಟೇಬಲ್‌ಗಳೋ ಎಂಬಂತೆ ಬರೆಯಬಹುದು. ನೋಡುವುದಕ್ಕೆ ಚೆಂದ. ಆದರೆ ಹಾಗೆ ಬರೆದ ಪ್ರಶ್ನೆಯ ಷರತ್ತು ಎಲ್ಲಿ ಅನ್ವಯವಾಗುತ್ತದೆ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ. ನಿನ್ನೆಯ ಬೆಟ್ಟೆ ದರವನ್ನಷ್ಟೇ ಕೇಳಿದರೂ, ಇಡೀ ಆವಕದ ಫೈಲು ತಂತಿಯ ಮೇಲೆ ಹರಿದುಬಂದು, ಷರತ್ತು ಈಚೆ ಬದಿಯಲ್ಲಿ ಅನ್ವಯವಾಗುವ ಸಾಧ್ಯತೆಯಿದೆ. ಅದರ ಬದಲು ಓಪನ್‌ಕ್ವೆರಿ ಎಂಬುದರೊಳಗೆ ಪ್ರಶ್ನೆಯನ್ನು ಇಟ್ಟು ಕಳಿಸಿದರೆ, ಆ ಪಠ್ಯ ಹಾಗೆಯೇ ಎಎಸ್/400ಗೆ ತಲುಪಿ, ಅಲ್ಲಿಯ ಇಂಡೆಕ್ಸ್‌ಗಳನ್ನು ಬಳಸಿ, ಉತ್ತರದ ಸಾಲುಗಳಷ್ಟೇ ಹಿಂದಿರುಗುತ್ತವೆ. ನಿಧಾನದ ದೂರು ಬಂದಲ್ಲಿ ಮೊದಲು ನೋಡಬೇಕಾದ ಜಾಗ ಇದು.

ಎರಡನೆಯ ದಿಕ್ಕಿಗೆ ಬರೋಣ. ಆರ್‌ಪಿಜಿ ಪ್ರೋಗ್ರಾಮಿನೊಳಗೆ ಕನೆಕ್ಟ್ ಟು ಎಂದು ಬರೆದು ಬೇರೊಂದು ಡೇಟಾಬೇಸಿಗೆ ಹೋಗಬಹುದಲ್ಲ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಹೋಗಬಹುದು. ಡಬ್ಲ್ಯುಆರ್‌ಕೆಆರ್‌ಡಿಬಿಡಿಐಆರ್‌ಇ ಎಂಬ ಆದೇಶದಿಂದ ತೆರೆಯುವ ಡೈರೆಕ್ಟರಿಯಲ್ಲಿ ಆ ಡೇಟಾಬೇಸಿನ ಹೆಸರು, ವಿಳಾಸಗಳನ್ನು ನಮೂದಿಸಿದ್ದರೆ ಸಾಕು. ಆದರೆ ಆ ಕನೆಕ್ಟ್ ಆಡುವ ಭಾಷೆ ಡಿಆರ್‌ಡಿಎ, ಅಂದರೆ ಐಬಿಎಂ ರೂಪಿಸಿದ ವಿತರಿತ ಡೇಟಾಬೇಸ್ ಒಡಂಬಡಿಕೆ, ಅದರ ಪೋರ್ಟ್ 446. ಆ ಕಡೆ ಡಿಬಿ2 ಕುಟುಂಬದ ಡೇಟಾಬೇಸ್ ಇದ್ದರೆ ಮಾತು ನೇರವಾಗಿ ನಡೆಯುತ್ತದೆ. ಎಸ್‌ಕ್ಯೂಎಲ್ ಸರ್ವರ್‌ಗಾಗಲಿ ಪೋಸ್ಟ್‌ಗ್ರೆಸ್‌ಗಾಗಲಿ ಮೈಎಸ್‌ಕ್ಯೂಎಲ್‌ಗಾಗಲಿ ಆ ಭಾಷೆ ಬಾರದು. ಎಸ್‌ಕ್ಯೂಎಲ್ ಎಂಬ ಪ್ರಶ್ನೆಯ ಭಾಷೆ ಎಲ್ಲರದೂ ಹೆಚ್ಚುಕಡಿಮೆ ಒಂದೇ ಆದರೂ, ಆ ಪ್ರಶ್ನೆಯನ್ನು ತಂತಿಯ ಮೇಲೆ ಹೊತ್ತೊಯ್ಯುವ ರೀತಿ ಒಬ್ಬೊಬ್ಬರದು ಒಂದೊಂದು ಎಂಬುದು ಇಡೀ ವಿಷಯದ ಮೂಲದಲ್ಲಿರುವ ಕಷ್ಟ.

ಬಳಸುದಾರಿಗಳು ಹಲವು. ನಡುವೆ ದುಭಾಷಿಯನ್ನು ಕೂರಿಸುವುದು ಒಂದು: ಮೈಕ್ರೋಸಾಫ್ಟ್‌ನ ಹೋಸ್ಟ್ ಇಂಟಿಗ್ರೇಷನ್ ಸರ್ವರ್ 2013ರ ಆವೃತ್ತಿಯಲ್ಲಿ, ಡಿಆರ್‌ಡಿಎ ಭಾಷೆಯಲ್ಲಿ ಬಂದ ಕೋರಿಕೆಯನ್ನು ಎಸ್‌ಕ್ಯೂಎಲ್ ಸರ್ವರ್‌ಗೆ ತಲುಪಿಸುವ ಸೇವೆ ಬಂದಿತು. ಡೈರೆಕ್ಟರಿಯ ನಮೂದಿನಲ್ಲಿ ವಿಳಾಸದ ಬದಲು ಎಆರ್‌ಡಿ ಎಂಬ ಬಗೆಯ ಪ್ರೋಗ್ರಾಮಿನ ಹೆಸರು ಕೊಟ್ಟು, ಕನೆಕ್ಟ್ ಆದಾಗ ಆ ಪ್ರೋಗ್ರಾಮೇ ಹೊರಗಿನ ಮಾತುಕತೆಯನ್ನು ನಡೆಸುವಂತೆ ಮಾಡುವುದು ಇನ್ನೊಂದು. ಇದನ್ನು ಬರೆಯುವುದು ಸುಲಭದ ಕೆಲಸವಲ್ಲ. ಸಿದ್ಧವಾಗಿ ಸಿಕ್ಕರೆ ಮಾತ್ರ ಯೋಚಿಸಿ. ಯಂತ್ರದೊಳಗೆ ಎಐಎಕ್ಸ್ ಎಂಬ ಐಬಿಎಂ ಯುನಿಕ್ಸ್‌ನ ಪ್ರೋಗ್ರಾಂಗಳನ್ನು ಓಡಿಸುವ ಪೇಸ್ ಎಂಬ ಆವರಣವಿದೆ, ಅಲ್ಲಿ ಯುನಿಕ್ಸ್‌ಓಡಿಬಿಸಿಯನ್ನು ಹಾಕಿಕೊಳ್ಳಬಹುದು. ಆದರೆ ಲಿನಕ್ಸ್‌ಗಾಗಿ ತಯಾರಿಸಿದ ಡ್ರೈವರ್ ಅಲ್ಲಿ ಓಡುವುದಿಲ್ಲ, ಆ ಆವರಣಕ್ಕೆಂದೇ ತಯಾರಾದದ್ದು ಬೇಕು.

ಹೀಗಾಗಿ ಹೆಚ್ಚಿನವರು ಬಂದು ನಿಲ್ಲುವುದು ಜಾವಾದ ಬಳಿ. ಪೋಸ್ಟ್‌ಗ್ರೆಸ್, ಎಸ್‌ಕ್ಯೂಎಲ್ ಸರ್ವರ್, ಒರಾಕಲ್ ಎಲ್ಲಕ್ಕೂ ಶುದ್ಧ ಜಾವಾದಲ್ಲಿ ಬರೆದ ಜೆಡಿಬಿಸಿ ಡ್ರೈವರ್‌ಗಳಿವೆ, ಮತ್ತು ನಿಮ್ಮ ಯಂತ್ರದಲ್ಲಿ ಜಾವಾ ಇದೆ. ಆರ್‌ಪಿಜಿಯಿಂದ ಜಾವಾದ ವಿಧಾನಗಳನ್ನು ನೇರವಾಗಿ ಕರೆಯುವುದಕ್ಕೂ ಸಾಧ್ಯ. ಆ ಕರೆಗಳ ತಲೆನೋವನ್ನು ಮರೆಮಾಡಿ ಸರಳ ಆರ್‌ಪಿಜಿ ಪ್ರೊಸೀಜರ್‌ಗಳಾಗಿ ಒದಗಿಸುವ ಜೆಡಿಬಿಸಿಆರ್4 ಎಂಬ ಸರ್ವಿಸ್ ಪ್ರೋಗ್ರಾಮನ್ನು ಸ್ಕಾಟ್ ಕ್ಲೆಮೆಂಟ್ ಅವರು ಬರೆದು ಎಲ್ಲರಿಗೂ ಸಿಗುವಂತೆ ಮಾಡಿದ್ದಾರೆ. ಅದನ್ನು ಓದಿದರೆ ಆರ್‌ಪಿಜಿ ಮತ್ತು ಜಾವಾ ಹೇಗೆ ಕೈ ಜೋಡಿಸುತ್ತವೆ ಎಂಬುದು ಯಾವ ಪಾಠಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಆದರೂ ಎರಡು ಸಂಗತಿಗಳನ್ನು ನೆನಪಿಡಿ. ಜಾಬ್ ಒಂದರಲ್ಲಿ ಮೊದಲ ಬಾರಿ ಜಾವಾ ಎಬ್ಬಿಸುವುದಕ್ಕೆ ಸಮಯ ಹಿಡಿಯುತ್ತದೆ. ಕೌಂಟರಿನಲ್ಲಿ ಕೂತವರು ಎಂಟರ್ ಒತ್ತಿದಾಗಲೆಲ್ಲ ಆ ಕಾಯುವಿಕೆ ಇರಕೂಡದು. ಇನ್ನೊಂದು, ಆರ್‌ಪಿಜಿಯ ಮೂಲಕ ಹುಟ್ಟಿದ ಜಾವಾ ವಸ್ತುಗಳನ್ನು ಜಾವಾದ ಕಸ ಗುಡಿಸುವ ವ್ಯವಸ್ಥೆ ತಾನಾಗಿ ಬಿಡುಗಡೆ ಮಾಡುವುದಿಲ್ಲ. ಬೆಳಗಿನಿಂದ ಸಂಜೆವರೆಗೆ ಓಡುವ ಜಾಬ್‌ನಲ್ಲಿ ನೀವೇ ಅವನ್ನು ಬಿಡಿಸದಿದ್ದರೆ ಮೆಮೊರಿ ತುಂಬುತ್ತ ಹೋಗುತ್ತದೆ.

ನನ್ನ ಸಲಹೆ ಇವೆಲ್ಲಕ್ಕಿಂತ ಬೇರೆ. ದಿಕ್ಕನ್ನೇ ತಿರುಗಿಸಿ. ಆರ್‌ಪಿಜಿ ಪ್ರೋಗ್ರಾಂ ಹೊರಗೆ ಹೋಗುವುದೇ ಬೇಡ. ಹೇಳಬೇಕಾದದ್ದನ್ನು ತನ್ನದೇ ಯಂತ್ರದ ಒಂದು ಟೇಬಲಿನಲ್ಲಿ ಬರೆದಿಟ್ಟು ತನ್ನ ಕೆಲಸಕ್ಕೆ ಮರಳಲಿ. ಹೊರಗಿನ ಪ್ರೋಗ್ರಾಂ ಬಂದು, ಸವೆದ ದಾರಿಯಲ್ಲೇ ಬಂದು, ಅದನ್ನು ಎತ್ತಿಕೊಂಡು ಹೋಗಲಿ. ನಮ್ಮ ಮಲೆನಾಡಿನ ಮನೆಗಳಲ್ಲಿ ಹೊರಗಿನವರು ಬಂದರೆ ವ್ಯವಹಾರವೆಲ್ಲ ಜಗುಲಿಯಲ್ಲಿ ಮುಗಿಯುತ್ತದೆ. ಮನೆಯವರು ಒಳಗಿನಿಂದ ಜಗುಲಿಗೆ ಬರುತ್ತಾರೆ, ಬಂದವರು ಹೊರಗಿನಿಂದ ಜಗುಲಿಗೆ ಹತ್ತುತ್ತಾರೆ, ಯಾರೂ ಇನ್ನೊಬ್ಬರ ಕೋಣೆಗೆ ನುಗ್ಗುವುದಿಲ್ಲ. ಅಂಥದೊಂದು ಲೈಬ್ರರಿಯನ್ನು ಮಾಡಿ. ಅದನ್ನು ಹಳೆಯ ರೀತಿಯಲ್ಲಿ ಸೃಷ್ಟಿಸದೆ ಎಸ್‌ಕ್ಯೂಎಲ್‌ನ ಕ್ರಿಯೇಟ್ ಸ್ಕೀಮಾ ಆದೇಶದಿಂದ ಸೃಷ್ಟಿಸಿ, ಏಕೆಂದರೆ ಆಗ ಅದರೊಳಗೆ ಜರ್ನಲ್, ಅಂದರೆ ಬದಲಾವಣೆಗಳ ದಾಖಲೆ, ತಾನಾಗಿ ತಯಾರಾಗಿ, ಮುಂದೆ ಅಲ್ಲಿ ಹುಟ್ಟುವ ಟೇಬಲ್‌ಗಳೆಲ್ಲ ಆ ಜರ್ನಲ್‌ಗೆ ಒಳಪಡುತ್ತವೆ.

ಜರ್ನಲ್ ಮಾತು ಬಂದಿದ್ದರಿಂದ ಸ್ವಲ್ಪ ಬದಿಗೆ ಸರಿಯುತ್ತೇನೆ. ಹೊರಗಿನಿಂದ ಜೆಡಿಬಿಸಿಯಲ್ಲಿ ಬಂದು ನಿಮ್ಮ ಹಳೆಯ ಫೈಲಿಗೆ ಮೊದಲ ಬಾರಿ ಬರೆಯಲು ಹೋದವರಲ್ಲಿ ಹಲವರಿಗೆ ಎಸ್‌ಕ್ಯೂಎಲ್7008 ಎಂಬ ದೋಷಸಂದೇಶ ಬರುತ್ತದೆ. ಓದುವುದು ಸರಾಗ, ಬರೆಯುವುದು ಮಾತ್ರ ಆಗದು. ಕಾರಣ ಸರಳ: ಪ್ರತಿ ಬರಹವನ್ನೂ ಒಡನೆಯೇ ಖಾಯಂ ಮಾಡುವ ಆಟೊಕಮಿಟ್ ನಿಲ್ಲಿಸಿದ್ದರೆ ಡ್ರೈವರ್ ಕಮಿಟ್ಮೆಂಟ್ ಕಂಟ್ರೋಲ್ (ಕಮಿಟ್ ಎಂದಾಗಲೇ ಬದಲಾವಣೆ ಖಾಯಂ ಆಗುವ ವ್ಯವಸ್ಥೆ) ಅಡಿಯಲ್ಲಿ ಕೆಲಸ ಮಾಡುತ್ತದೆ, ಅದಕ್ಕೆ ಫೈಲು ಜರ್ನಲ್ ಆಗಿರಬೇಕು, ಹಳೆಯ ಫೈಲುಗಳು ಬಹುಪಾಲು ಆಗಿರುವುದಿಲ್ಲ. ಐಸೊಲೇಷನ್ ಬೇಡವೆಂದು ಸಂಪರ್ಕದಲ್ಲಿ ಸೂಚಿಸಿ ಪಾರಾಗಬಹುದು, ಹಲವರು ಹಾಗೆಯೇ ಮಾಡುತ್ತಾರೆ. ನಾನು ಮಾತ್ರ ಎಸ್‌ಟಿಆರ್‌ಜೆಆರ್‌ಎನ್‌ಪಿಎಫ್ ಆದೇಶ ಕೊಟ್ಟು ಫೈಲನ್ನು ಜರ್ನಲ್‌ಗೆ ಒಳಪಡಿಸಿ ಎನ್ನುತ್ತೇನೆ. ಡಿಸ್ಕಿನ ಜಾಗ ಸ್ವಲ್ಪ ಹೆಚ್ಚು ಹೋಗುತ್ತದೆ. ಪ್ರತಿಯಾಗಿ ಯಾವ ರೆಕಾರ್ಡನ್ನು ಯಾವಾಗ ಯಾರು ಬದಲಿಸಿದರು ಎಂಬ ಲೆಕ್ಕ ಉಳಿಯುತ್ತದೆ, ಮತ್ತು ಸದಸ್ಯರ ಹಣದ ಲೆಕ್ಕದಲ್ಲಿ ಅದು ದುಬಾರಿಯೇನಲ್ಲ.

ಮತ್ತೆ ಜಗುಲಿಗೆ. ಟೆಂಡರ್ ದರ ಖಚಿತವಾದಾಗ ಹಳೆಯ ಆರ್‌ಪಿಜಿ ಪ್ರೋಗ್ರಾಂ ದರದ ಫೈಲಿಗೆ ಬರೆಯುತ್ತದೆ. ಆ ಪ್ರೋಗ್ರಾಮಿನ ಮೂಲ ಸಂಕೇತವೇ ಕಳೆದುಹೋಗಿರಬಹುದು, ಇಂಥ ಕಚೇರಿಗಳಲ್ಲಿ ಅದು ಅಪರೂಪವಲ್ಲ. ತೊಂದರೆಯಿಲ್ಲ, ಫೈಲಿಗೆ ಒಂದು ಟ್ರಿಗರ್ ಕಟ್ಟಿ, ಹೊಸ ರೆಕಾರ್ಡ್ ಬಂದಾಗಲೆಲ್ಲ ಜಗುಲಿಯ ಟೇಬಲಿಗೆ ಒಂದು ಸಾಲು ಸೇರುವಂತೆ ಮಾಡಿ. ಟ್ರಿಗರ್ ಒಳಗಿನಿಂದ ಹೊರಗಿನ ಡೇಟಾಬೇಸನ್ನು ಮಾತ್ರ ಎಂದಿಗೂ ಕರೆಯಬೇಡಿ. ಟ್ರಿಗರ್ ಮುಗಿಯುವವರೆಗೆ ಮೂಲ ಪ್ರೋಗ್ರಾಂ ಕಾಯುತ್ತದೆ, ರೆಕಾರ್ಡ್ ಲಾಕ್ ಆಗಿಯೇ ಇರುತ್ತದೆ. ಎಲ್ಲೋ ಬೆಂಗಳೂರಿನ ಸರ್ವರ್ ಉತ್ತರಿಸದಿದ್ದರೆ ಇಲ್ಲಿ ಶಿವಮೊಗ್ಗದ ಯಾರ್ಡಿನಲ್ಲಿ ಬಿಲ್ಲು ನಿಲ್ಲುತ್ತದೆ.

ಮಳೆಗಾಲದಲ್ಲಿ ಮಲೆನಾಡಿನ ಶಾಖೆಗಳ ಸಂಪರ್ಕದ ಪಾಡು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮರ ಬಿದ್ದು ಕರೆಂಟು ಹೋಗುತ್ತದೆ, ಅದರ ಬೆನ್ನಿಗೇ ಕೇಬಲ್ಲೂ ಹೋಗುತ್ತದೆ. ಎರಡೂ ಡೇಟಾಬೇಸ್‌ಗಳು ಏಕಕಾಲಕ್ಕೆ ಒಪ್ಪಿದರೆ ಮಾತ್ರ ವ್ಯವಹಾರ ಪೂರ್ಣವಾಗುವ ಎರಡು ಹಂತದ ಕಮಿಟ್ ಪಠ್ಯಪುಸ್ತಕದಲ್ಲಿ ಸುಂದರವಾಗಿದೆ. ಆದರೆ ಮೊದಲ ಹಂತ ಮುಗಿದು ಎರಡನೆಯದರ ಮೊದಲು ಲೈನ್ ಹೋದರೆ, ಆ ವ್ಯವಹಾರ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬ ಸ್ಥಿತಿಯಲ್ಲಿ ಲಾಕ್ ಹಿಡಿದುಕೊಂಡೇ ಉಳಿಯುತ್ತದೆ. ಆಗುಂಬೆ, ಹೊಸನಗರದಂಥ ಕಡೆ ಜುಲೈ ತಿಂಗಳಲ್ಲಿ ಅದನ್ನು ನೆಚ್ಚಿಕೊಳ್ಳುವುದು ವಿವೇಕವಲ್ಲ. ಜಗುಲಿಯ ಟೇಬಲ್ ಇದ್ದಲ್ಲಿ ಲೈನ್ ಹೋದರೆ ಸಾಲುಗಳು ಅಲ್ಲೇ ಕಾದಿರುತ್ತವೆ, ಬಂದಮೇಲೆ ಹೋಗುತ್ತವೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಗಮನವಿಟ್ಟು ಕೇಳಿ. ಜಗುಲಿಯ ಪ್ರತಿ ಸಾಲಿಗೂ ಏರಿಕೆಯ ಕ್ರಮಸಂಖ್ಯೆ ಇರುತ್ತದೆ. ಹೊರಗಿನ ಪ್ರೋಗ್ರಾಂ ತಾನು ಕೊನೆಯದಾಗಿ ನೋಡಿದ ಸಂಖ್ಯೆಯನ್ನು ನೆನಪಿಟ್ಟುಕೊಂಡು ಅದಕ್ಕಿಂತ ದೊಡ್ಡವನ್ನಷ್ಟೇ ಕೇಳಿದರೆ ಸಾಕಲ್ಲ ಎಂದು ಯಾರಿಗಾದರೂ ತೋಚುತ್ತದೆ. ಸಾಲದು. ಸಾಗರದ ಜಾಬ್ 101ನೆಯ ಸಂಖ್ಯೆಯನ್ನು ಪಡೆದು ಇನ್ನೂ ಕಮಿಟ್ ಮಾಡಿರುವುದಿಲ್ಲ. ಅಷ್ಟರಲ್ಲಿ ತೀರ್ಥಹಳ್ಳಿಯ ಜಾಬ್ 102ನ್ನು ಪಡೆದು ಕಮಿಟ್ ಮಾಡಿಬಿಡುತ್ತದೆ. ಓದುವವರಿಗೆ 102 ಕಾಣುತ್ತದೆ, 101 ಕಾಣುವುದಿಲ್ಲ. ಅವರು 102ರವರೆಗೆ ನೋಡಿದ್ದೇನೆ ಎಂದು ಗುರುತು ಹಾಕಿಕೊಂಡು ಮುಂದೆ ಹೋದರೆ ಸಾಗರದ ಆ ಬೆಳೆಗಾರರ ದರ ಮೊಬೈಲಿನಲ್ಲಿ ಎಂದಿಗೂ ಬಾರದು. ಆದ್ದರಿಂದ ಪ್ರತಿ ಸಾಲಿನಲ್ಲೂ ಹೋಗಿದೆಯೇ ಇಲ್ಲವೇ ಎಂಬ ಒಂದು ಸ್ಥಿತಿಯ ಅಂಕಣ ಇರಬೇಕು, ಕೇಳುವುದು ಆ ಅಂಕಣದ ಮೇಲೆ ಇರಬೇಕು. ಇನ್ನು ಅತ್ತ ಬರೆದಾದ ಮೇಲೆ, ಇತ್ತ ಗುರುತು ಹಾಕುವ ಮೊದಲು ಲೈನ್ ಹೋದರೆ ಅದೇ ಸಾಲು ಎರಡನೆಯ ಬಾರಿ ಹೋಗುತ್ತದೆ. ಆ ಬದಿಯ ಟೇಬಲಿನಲ್ಲಿ ಕ್ರಮಸಂಖ್ಯೆಗೆ ಯೂನಿಕ್ ನಿರ್ಬಂಧ ಹಾಕಿ, ಪೋಸ್ಟ್‌ಗ್ರೆಸ್‌ನಲ್ಲಾದರೆ ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್ ಎಂದು ಸೇರಿಸಿದರೆ, ಎರಡು ಬಾರಿ ಬಂದರೂ ಒಂದೇ ಬಾರಿ ಸೇರುತ್ತದೆ.

ದರ ತಕ್ಷಣ ಕಾಣಬೇಕು, ಐದು ನಿಮಿಷಕ್ಕೊಮ್ಮೆ ನೋಡಿದರೆ ಸಾಲದು ಎನ್ನುವವರಿಗೆ ಎಎಸ್/400ರಲ್ಲಿ ಡೇಟಾ ಕ್ಯೂ ಎಂಬ ಹಳೆಯ, ಬಹಳ ಒಳ್ಳೆಯ ವಸ್ತುವಿದೆ. ಟ್ರಿಗರ್ ಅಲ್ಲೊಂದು ಸಣ್ಣ ಸಂದೇಶ ಹಾಕಿದರೆ, ಅದನ್ನೇ ಕಾದು ಕುಳಿತ ಜಾವಾ ಪ್ರೋಗ್ರಾಂ ತಕ್ಷಣ ಎಚ್ಚರಗೊಳ್ಳುತ್ತದೆ. ಆ ಪ್ರೋಗ್ರಾಂ ಎಎಸ್/400 ಒಳಗೇ ಇರಬಹುದು, ಜೆಟಿಓಪನ್ ಬಳಸಿ ಹೊರಗಿನ ಯಂತ್ರದಲ್ಲೂ ಇರಬಹುದು. ಕ್ಯೂನಿಂದ ಓದಿದ ಸಂದೇಶ ಅಲ್ಲಿಂದ ಅಳಿಯುವುದರಿಂದ ಅದರಲ್ಲಿ ದರವನ್ನೇ ಇಡಬೇಡಿ. ಹೊಸದು ಬಂದಿದೆ ಎಂಬ ಸೂಚನೆ ಮಾತ್ರ ಅದರ ಕೆಲಸ, ಸತ್ಯ ಟೇಬಲಿನಲ್ಲಿರಲಿ.

ದಿಕ್ಕಿನ ವಿಷಯ ಇತ್ಯರ್ಥವಾದ ಮೇಲೂ ಉಳಿಯುವುದು ದತ್ತಾಂಶದ ಅರ್ಥ. ತಂತಿ ಸರಿಯಿದ್ದು ಅರ್ಥ ಕೆಟ್ಟರೆ ಅದು ಲೈನ್ ಹೋದದ್ದಕ್ಕಿಂತ ಕೆಟ್ಟದ್ದು, ಏಕೆಂದರೆ ಯಾರಿಗೂ ತಿಳಿಯುವುದಿಲ್ಲ. ಈ ಯಂತ್ರದ ಅಕ್ಷರ ಸಂಕೇತ ಇಬಿಸಿಡಿಐಸಿ, ಹೊರಗಿನವರದು ಆಸ್ಕಿ ಅಥವಾ ಯೂನಿಕೋಡ್. ಪ್ರತಿ ಅಂಕಣಕ್ಕೂ ಸಿಸಿಎಸ್‌ಐಡಿ ಎಂಬ ಸಂಖ್ಯೆಯಿದ್ದು, ಡ್ರೈವರ್ ಅದನ್ನು ನೋಡಿ ಪರಿವರ್ತಿಸುತ್ತದೆ. ಆ ಸಂಖ್ಯೆ 65535 ಆಗಿದ್ದರೆ ಪರಿವರ್ತಿಸಬೇಡ ಎಂದರ್ಥ. ಆಗ ಹೊರಗಿನವರಿಗೆ ಸದಸ್ಯರ ಹೆಸರಿನ ಬದಲು ಹದಿನಾರರ ಮೂಲದ ಅಂಕಿಗಳ ಸಾಲು ಕಾಣುತ್ತದೆ. ಬಲವಂತವಾಗಿ ಪರಿವರ್ತಿಸುವ ಆಯ್ಕೆ ಡ್ರೈವರ್‌ನಲ್ಲಿದೆ, ಆದರೆ ಸರಿಯಾದ ಚಿಕಿತ್ಸೆ ಫೈಲಿನ ಸಂಖ್ಯೆಯನ್ನೇ ಸರಿಪಡಿಸುವುದು. ಇನ್ನೊಂದು, ಇಬಿಸಿಡಿಐಸಿಯಲ್ಲಿ ಅಂಕಿಗಳು ಇಂಗ್ಲಿಷ್ ಅಕ್ಷರಗಳ ನಂತರ ಬರುತ್ತವೆ, ಆಸ್ಕಿಯಲ್ಲಿ ಮೊದಲು ಬರುತ್ತವೆ. ಸದಸ್ಯ ಸಂಕೇತದಲ್ಲಿ ಅಕ್ಷರ, ಅಂಕಿ ಎರಡೂ ಇದ್ದರೆ ಎರಡು ಕಡೆಯ ಪಟ್ಟಿಗಳನ್ನು ವಿಂಗಡಿಸಿ ಸಾಲಿಗೆ ಸಾಲು ತಾಳೆ ನೋಡುವ ಪ್ರೋಗ್ರಾಂ ಇಲ್ಲದ ವ್ಯತ್ಯಾಸಗಳನ್ನು ತೋರಿಸುತ್ತದೆ.

ಕನ್ನಡದ ಹೆಸರುಗಳ ವಿಷಯವನ್ನು ಸ್ವಲ್ಪ ನಿಂತು ನೋಡಬೇಕು. ಸಿಸಿಎಸ್‌ಐಡಿ 37ರ ಅಂಕಣದಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಮೊಬೈಲಿನಲ್ಲಿ ಬೆಳೆಗಾರರು ಕನ್ನಡದಲ್ಲಿ ತುಂಬಿದ ಹೆಸರು ಅಲ್ಲಿಗೆ ಬಂದರೆ ಪ್ರತಿಯೊಂದು ಅಕ್ಷರದ ಜಾಗದಲ್ಲೂ ಒಂದೇ ಬದಲಿ ಚಿಹ್ನೆ ಕೂರುತ್ತದೆ, ಮೂಲ ಮತ್ತೆ ಸಿಗುವುದಿಲ್ಲ. ಯೂನಿಕೋಡ್ ಅಂಕಣ ಬೇಕು: ಯುಟಿಎಫ್-8 ಆದರೆ 1208, ಯುಟಿಎಫ್-16 ಆದರೆ 1200. ಉದ್ದದ ಲೆಕ್ಕವನ್ನೂ ಬೇರೆಯಾಗಿ ಮಾಡಬೇಕು. ತೀರ್ಥಹಳ್ಳಿ ಎಂಬುದು ಕಣ್ಣಿಗೆ ನಾಲ್ಕೇ ಅಕ್ಷರ. ಯೂನಿಕೋಡ್ ಸಂಕೇತಗಳಾಗಿ 10, ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರರಂತೆ 30 ಬೈಟ್. ಊರಿನ ಹೆಸರಿಗೆ 20 ಬೈಟ್ ಇಟ್ಟಿದ್ದರೆ ಅಲ್ಲೇ ಕತ್ತರಿ ಬೀಳುತ್ತದೆ. ಅದಕ್ಕಿಂತ ಕಪಟವಾದದ್ದು ಇನ್ನೊಂದಿದೆ: ದೀರ್ಘದ ಈ ಮಾತ್ರೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ಎರಡೂ ತೆರೆಯ ಮೇಲೆ ಒಂದೇ ರೀತಿ ಕಾಣುತ್ತವೆ, ಆದರೆ ಬೈಟ್‌ಗಳನ್ನು ಹೋಲಿಸುವ ಡೇಟಾಬೇಸಿಗೆ ಅವು ಬೇರೆಬೇರೆ ಊರುಗಳು. ಹಾಗಾಗಿ ಹೆಸರಿನ ಮೇಲೆ ಎಂದೂ ಜೋಡಣೆ ಮಾಡಬೇಡಿ, ಸದಸ್ಯ ಸಂಖ್ಯೆಯ ಮೇಲೆ ಮಾಡಿ. ನುಡಿ ತಂತ್ರಾಂಶದ ಹಳೆಯ ಅಕ್ಷರ ಶೈಲಿಯಲ್ಲಿ ಟೈಪು ಮಾಡಿದ ಪಟ್ಟಿಗಳು ಕೆಲವು ಕಚೇರಿಗಳಲ್ಲಿ ಇನ್ನೂ ಇವೆ. ಡೇಟಾಬೇಸಿನ ಮಟ್ಟಿಗೆ ಅವು ಕನ್ನಡವೇ ಅಲ್ಲ, ಯುರೋಪಿನ ಅಕ್ಷರಗಳು. ಅವನ್ನು ಹೊರಗೇ ಯೂನಿಕೋಡ್‌ಗೆ ಪರಿವರ್ತಿಸಿಕೊಂಡು ಒಳಗೆ ತನ್ನಿ.

ದಿನಾಂಕಗಳಲ್ಲೂ ಇಂಥದೇ ಪಾಡು. ಹಳೆಯ ಫೈಲುಗಳಲ್ಲಿ ದಿನಾಂಕ ಎಂಬುದು ಬರೀ ಸಂಖ್ಯೆ: ಶತಮಾನಕ್ಕೊಂದು ಅಂಕಿ ಇಟ್ಟು 2024ರ ಜೂನ್ 5ನ್ನು 1240605 ಎಂದು ಬರೆಯುವುದು ಸಾಮಾನ್ಯ. ಜಗುಲಿಯ ವ್ಯೂನಲ್ಲೇ ಇದನ್ನು ನಿಜವಾದ ದಿನಾಂಕವಾಗಿ ಪರಿವರ್ತಿಸಿ ಕೊಡಿ, ಹೊರಗಿನವರು ಈ ಗೂಢವನ್ನು ಬಿಡಿಸುವಂತಾಗಬಾರದು. ನಿಜವಾದ ದಿನಾಂಕದ ಅಂಕಣವಿದ್ದರೂ ಜಾಬ್‌ನ ರೂಪ ಎರಡಂಕಿಯ ವರ್ಷದ್ದಾದರೆ 1940ರಿಂದ 2039ರವರೆಗಿನ ವರ್ಷಗಳನ್ನಷ್ಟೇ ತೋರಿಸಬಲ್ಲದು. 1930ರ ದಶಕದಲ್ಲಿ ಹುಟ್ಟಿದ ಸದಸ್ಯರು ನಿಮ್ಮಲ್ಲಿ ಇದ್ದೇ ಇರುತ್ತಾರೆ, 2039 ದಾಟುವ ಸಾಲದ ಅವಧಿಗಳೂ ಇನ್ನು ದೂರವಿಲ್ಲ. ಸಂಪರ್ಕದಲ್ಲಿ ಐಎಸ್‌ಒ ರೂಪವನ್ನೇ ಆರಿಸಿ. ದಿನಾಂಕ ಗೊತ್ತಿಲ್ಲ ಎನ್ನುವುದಕ್ಕೆ ಆರ್‌ಪಿಜಿಯಲ್ಲಿ 0001ರ ಜನವರಿ 1 ಎಂದು ತುಂಬುವ ರೂಢಿಯಿದೆ. ಎಸ್‌ಕ್ಯೂಎಲ್ ಸರ್ವರ್‌ನ ಡೇಟ್‌ಟೈಮ್ ಬಗೆ 1753ರ ಹಿಂದಿನದನ್ನು ಒಪ್ಪುವುದಿಲ್ಲ. ಈ 1753 ಎಲ್ಲಿಂದ ಬಂತು ಎಂದರೆ, ಬ್ರಿಟನ್ ಮತ್ತು ಅದರ ವಸಾಹತುಗಳು ಗ್ರೆಗೋರಿಯನ್ ಪಂಚಾಂಗಕ್ಕೆ ಬದಲಾದದ್ದು 1752ರ ಸೆಪ್ಟೆಂಬರಿನಲ್ಲಿ, ನಡುವೆ ಬಿಟ್ಟುಹೋದ ದಿನಗಳ ಗೊಡವೆ ಬೇಡವೆಂದು ಮರುವರ್ಷದಿಂದ ಎಣಿಕೆ ಆರಂಭಿಸಿದರು. ಲಂಡನ್ನಿನ ಪಂಚಾಂಗ ನಮ್ಮ ಅಡಿಕೆಯ ಲೆಕ್ಕವನ್ನು ತಡೆಯುತ್ತದೆ! ಡೇಟ್‌ಟೈಮ್2 ಬಳಸಿದರೆ ಈ ಅಡ್ಡಿ ಇಲ್ಲ, ಆದರೂ ಗೊತ್ತಿಲ್ಲದ್ದನ್ನು ನಲ್ ಎಂದೇ ಕಳಿಸುವುದು ಪ್ರಾಮಾಣಿಕ.

ತೂಕ, ಹಣದ ಅಂಕಣಗಳ ಬಗ್ಗೆ ಎರಡೇ ಮಾತು. ಪ್ಯಾಕ್ಡ್ ಡೆಸಿಮಲ್ ಅಂಕಣಕ್ಕೆ ಆ ಬದಿಯಲ್ಲೂ ಡೆಸಿಮಲ್ ಬಗೆಯನ್ನೇ ಇಡಿ, ಫ್ಲೋಟ್ ಬೇಡ. ಎರಡನೆಯದು, ಡಿಡಿಎಸ್ ಫೈಲಿಗೆ ಹಳೆಯ ಪ್ರೋಗ್ರಾಂ ಬರೆಯುವಾಗ ಸಂಖ್ಯೆಯ ಜಾಗದಲ್ಲಿ ಖಾಲಿ ಅಕ್ಷರಗಳು ಕೂತರೂ ಯಂತ್ರ ಆಗ ಪರೀಕ್ಷಿಸುವುದಿಲ್ಲ. ಎಸ್‌ಕ್ಯೂಎಲ್ ಓದುವಾಗ ಪರೀಕ್ಷಿಸುತ್ತದೆ. ವರ್ಷಗಟ್ಟಲೆ ಮಲಗಿದ್ದ ದೋಷ ಹೊರಗಿನವರು ಓದಲು ಬಂದ ದಿನ ಏಳುತ್ತದೆ, ಆಪಾದನೆ ಡ್ರೈವರ್ ಮೇಲೆ ಬರುತ್ತದೆ. ಸಂಪರ್ಕ ಕೊಡುವ ಮೊದಲೇ ಫೈಲುಗಳನ್ನು ಶೋಧಿಸಿ.

ಕೊನೆಯದಾಗಿ ಭದ್ರತೆ. ಹಸಿರು ತೆರೆಯ ಕಾಲದಲ್ಲಿ ಭದ್ರತೆ ಎಂದರೆ ಮೆನು: ಗುಮಾಸ್ತರಿಗೆ ಯಾವ ಆಯ್ಕೆ ಕಾಣುತ್ತದೆಯೋ ಅಷ್ಟೇ ಅವರು ಮಾಡಬಲ್ಲರು. ಹೊಸ ವಸ್ತುವಿಗೆ ಸಾರ್ವಜನಿಕ ಅಧಿಕಾರ ಏನಿರಬೇಕು ಎಂದು ಹೇಳುವ ಕ್ಯೂಸಿಆರ್‌ಟಿಎಯುಟಿ ಎಂಬ ಸಿಸ್ಟಮ್ ಮೌಲ್ಯ ಕಾರ್ಖಾನೆಯಿಂದ ಬರುವಾಗ ಚೇಂಜ್ ಎಂದಿರುತ್ತದೆ, ಅಂದರೆ ಓದಲೂ ಬದಲಿಸಲೂ ಎಲ್ಲರಿಗೂ ಅನುಮತಿ. ಮೆನುವಿನ ಕಾಲದಲ್ಲಿ ಇದು ಯಾರಿಗೂ ಕಾಣಲಿಲ್ಲ. ಓಡಿಬಿಸಿ ಡ್ರೈವರ್ ಹಾಕಿದ ಕ್ಷಣದಿಂದ ಅದೇ ಗುಮಾಸ್ತರು ಎಕ್ಸೆಲ್‌ನಿಂದ ಅದೇ ಪಾಸ್‌ವರ್ಡ್ ಕೊಟ್ಟು ಮುಂಗಡದ ಫೈಲನ್ನು ನೇರವಾಗಿ ತೆರೆಯಬಲ್ಲರು, ಮೆನು ಅಲ್ಲಿ ಅಡ್ಡ ಬರುವುದಿಲ್ಲ. ಹೊರಗಿನ ತಂತ್ರಾಂಶದ ಪ್ರೊಫೈಲ್‌ಗೆ ಜಗುಲಿಯ ಲೈಬ್ರರಿಯ ಮೇಲೆ ಮಾತ್ರ ಅಧಿಕಾರ ಕೊಡಿ, ಮೂಲ ಫೈಲುಗಳ ಸಾರ್ವಜನಿಕ ಅಧಿಕಾರವನ್ನು ಕಿತ್ತುಹಾಕಿ, ಓಡಿಬಿಸಿಯ ಅಗತ್ಯವೇ ಇಲ್ಲದ ಸಿಬ್ಬಂದಿಗೆ ಫಂಕ್ಷನ್ ಯೂಸೇಜ್ ಎಂಬ ವ್ಯವಸ್ಥೆಯ ಮೂಲಕ ಆ ದಾರಿಯನ್ನೇ ಮುಚ್ಚಿ.

ಆ ಪ್ರೊಫೈಲ್‌ನ ಪಾಸ್‌ವರ್ಡ್ ಅವಧಿ ಮುಗಿಯುವ ದಿನ ಏನಾಗುತ್ತದೆ ಎಂಬುದನ್ನೂ ಮೊದಲೇ ಯೋಚಿಸಿರಬೇಕು. ಜಗುಲಿಯಿಂದ ಸಾಲುಗಳನ್ನು ಎತ್ತಿಕೊಂಡು ಹೋಗುವ ಪ್ರೋಗ್ರಾಂ ಲೈನ್ ಹೋದಾಗ ಮತ್ತೆ ಮತ್ತೆ ಪ್ರಯತ್ನಿಸುವಂತೆ ಬರೆದಿರುತ್ತಾರೆ, ಅದು ಸರಿಯೇ. ಆದರೆ ಪಾಸ್‌ವರ್ಡ್ ಬದಲಾದಾಗಲೂ ಅದು ಹಳೆಯದನ್ನೇ ಹಿಡಿದು ಮತ್ತೆ ಮತ್ತೆ ಪ್ರಯತ್ನಿಸಿದರೆ, ಕ್ಯೂಮ್ಯಾಕ್ಸ್‌ಸೈನ್ ಎಂಬ ಸಿಸ್ಟಮ್ ಮೌಲ್ಯದಲ್ಲಿ ನಿಗದಿಪಡಿಸಿದ ಮಿತಿ ಮುಟ್ಟಿದ ಕೂಡಲೇ ಯಂತ್ರ ಆ ಪ್ರೊಫೈಲನ್ನೇ ನಿಷ್ಕ್ರಿಯಗೊಳಿಸಬಹುದು, ಆಮೇಲೆ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಬಾಗಿಲು ತೆರೆಯದು. ಸಂಪರ್ಕ ಸಿಗದಿದ್ದರೆ ಕಾದು ಮತ್ತೆ ಪ್ರಯತ್ನಿಸಬೇಕು. ಪಾಸ್‌ವರ್ಡ್ ತಪ್ಪು ಎಂಬ ಉತ್ತರ ಬಂದರೆ ಅಲ್ಲೇ ನಿಂತು ಮನುಷ್ಯರಿಗೆ ಸಂದೇಶ ಕಳಿಸಬೇಕು. ಈ ಎರಡು ದೋಷಗಳನ್ನು ಬೇರೆಬೇರೆಯಾಗಿ ನಡೆಸಿಕೊಳ್ಳಬೇಕೆಂಬುದನ್ನು ಹೊರಗಿನ ತಂಡದ ಜೊತೆಗಿನ ಒಪ್ಪಂದದಲ್ಲೇ ಬರೆಸಿಕೊಳ್ಳಿ.